ಅಮ್ಮನ ಇಂಜೆಕ್ಷನ್ ಮತ್ತು ಮೂಳೆಯ ಜೀವಕೋಶಗಳು

ಕಳೆದ ವರ್ಷ ಅಮ್ಮನ ಬೆನ್ನುಮೂಳೆಯಲ್ಲಿ ಮುರಿತ ಕಾಣಿಸಿಕೊಂಡಂದಿನಿಂದ, ಪ್ರತಿ ರಾತ್ರಿ ಊಟಕ್ಕೆ ಮುಂಚೆ ಫ್ರಿಜ್ಜಿನಿಂದ ಇಂಜೆಕ್ಷನ್ ಪೆನ್ ತೆಗೆದು, ಅವಳ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಮೂಳೆ ಬೆಳೆಸುವ ಔಷಧವಾದ ಟೆರಿಪ್ಯಾರಟೈಡ್ ಅನ್ನು 20 ಮೈಕ್ರೋಗ್ರಾಂ ಚುಚ್ಚುವುದು ನನ್ನ ಪಾಲಿನ ಕೆಲಸವಾಗಿದೆ. 84 ಅಮೈನೋ ಆಮ್ಲಗಳಿಂದಾದ ಪ್ಯಾರಾಥೈರಾಯ್ಡ್ ಹಾರ್ಮೋನಿನ ಮೊದಲ 34 ಅಮೈನೋ ಆಮ್ಲಗಳಷ್ಟೇ ಈ ಔಷಧ. "ಆ ಹಾರ್ಮೋನು ಮೂಳೆ ಕರಗಿಸುತ್ತೆ ಅಂತ ನೀನೇ ಓದಿ ಹೇಳಿದ್ದೆಯಲ್ಲ, ಮತ್ತೆ ಅದನ್ನೇ ಯಾಕೆ ಚುಚ್ಚುತ್ತೀಯ?" ಎಂದು ಅಮ್ಮ ಒಂದು ದಿನ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಕುತ್ತಿಗೆಯ ನಾಲ್ಕು ಪುಟ್ಟ ಗ್ರಂಥಿಗಳು ಈ ಹಾರ್ಮೋನನ್ನು ಸ್ರವಿಸುತ್ತವೆ, ಆಗ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಮೂಳೆಯನ್ನು ಕರಗಿಸಿ ಕ್ಯಾಲ್ಸಿಯಂ ಒದಗಿಸುತ್ತವೆ. ಆದರೆ ಹಾರ್ಮೋನು ಅವುಗಳಿಗೆ ನೇರವಾಗಿ ಆದೇಶ ಕೊಡುವುದಿಲ್ಲ. ಅದರ ಸಂದೇಶವನ್ನು ಹಿಡಿಯುವ ಗ್ರಾಹಕಗಳು ಇರುವುದು ಮುಖ್ಯವಾಗಿ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳಲ್ಲಿ ಮತ್ತು ಮೂಳೆಯೊಳಗೆ ಹುದುಗಿರುವ ಆಸ್ಟಿಯೋಸೈಟ್‌ಗಳಲ್ಲಿ. ಇವು ರ್‍ಯಾಂಕ್ ಲಿಗ್ಯಾಂಡ್ ಎಂಬ ಪ್ರೋಟೀನನ್ನು ತಯಾರಿಸಿದಾಗಲೇ ಕರಗಿಸುವ ಕೋಶಗಳು ಬಲಿಯುತ್ತವೆ; ಆಸ್ಟಿಯೋಪ್ರೊಟೆಜೆರಿನ್ ಎಂಬ ಇನ್ನೊಂದು ಪ್ರೋಟೀನು ಅದನ್ನು ನಡುವೆಯೇ ಹಿಡಿದು ತಡೆಯುತ್ತದೆ. ಈಸ್ಟ್ರೋಜೆನ್ ಈ ತಡೆಯ ಪರವಾಗಿ ನಿಲ್ಲುವ ಹಾರ್ಮೋನಾದ್ದರಿಂದ, ಮುಟ್ಟು ನಿಂತು ಅದು ಕಡಿಮೆಯಾದ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಅಮ್ಮನಿಗೆ ಆದದ್ದೂ ಅದೇ.

ಅವಳ ಪ್ರಶ್ನೆಗೆ ಉತ್ತರವಿರುವುದು ಹೊತ್ತಿನ ಲೆಕ್ಕದಲ್ಲಿ. ಪ್ಯಾರಾಥೈರಾಯ್ಡ್ ಹಾರ್ಮೋನು ಇಡೀ ದಿನ ಹೆಚ್ಚಿದ್ದರೆ ಕರಗುವಿಕೆ ಮೇಲುಗೈ ಪಡೆಯುತ್ತದೆ. ದಿನಕ್ಕೊಮ್ಮೆ ಏರಿ ಕೆಲವೇ ಗಂಟೆಗಳಲ್ಲಿ ಇಳಿದುಹೋದರೆ ಕಟ್ಟುವ ಕೋಶಗಳ ಸಂಖ್ಯೆ ಮತ್ತು ಆಯಸ್ಸು ಹೆಚ್ಚಿ ಹೊಸ ಮೂಳೆ ಕೂಡುತ್ತದೆ. ಒಂದೇ ಅಣು ಹೀಗೆ ಎರಡು ವಿರುದ್ಧ ಕೆಲಸ ಮಾಡುವುದು ನನಗೆ ಇಂದಿಗೂ ಬೆರಗಿನ ವಿಷಯ.

ಕೋಶಗಳಿಗೆ ಬೆಳೆಯುವ ಸೂಚನೆ ಕೊಡುವ ಪ್ರೋಟೀನುಗಳಾದ ಬೆಳವಣಿಗೆ ಕಾರಕಗಳ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಮೂಳೆ ಕಟ್ಟುವಾಗಲೇ ಐಜಿಎಫ್-1, ಟಿಜಿಎಫ್-ಬೀಟಾ ಮುಂತಾದವು ಅದರೊಳಗೆ ಸೇರಿಕೊಂಡಿರುತ್ತವೆ, ಮೂಳೆ ಕರಗಿದಾಗ ಹೊರಬಂದು ಕಟ್ಟುವ ಕೋಶಗಳನ್ನು ಅದೇ ಜಾಗಕ್ಕೆ ಕರೆಯುತ್ತವೆ. 1965ರಲ್ಲಿ ಅಮೆರಿಕದ ಮೂಳೆತಜ್ಞ ಮಾರ್ಷಲ್ ಯೂರಿಸ್ಟ್, ಖನಿಜಾಂಶ ತೆಗೆದ ಮೂಳೆಯ ತುಣುಕನ್ನು ಪ್ರಾಣಿಗಳ ಸ್ನಾಯುವಿನಲ್ಲಿಟ್ಟಾಗ ಅಲ್ಲಿಯೇ ಹೊಸ ಮೂಳೆ ಬೆಳೆದದ್ದನ್ನು ವರದಿ ಮಾಡಿದರು. ಅದಕ್ಕೆ ಕಾರಣವಾದ ಪ್ರೋಟೀನುಗಳನ್ನು ಇಂದು ಬಿಎಂಪಿ (ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್) ಎನ್ನುತ್ತೇವೆ; ಇವೂ ಬೆಳವಣಿಗೆ ಕಾರಕಗಳೇ.

ಟೆರಿಪ್ಯಾರಟೈಡ್ ನಿಲ್ಲಿಸಿದ ಮೇಲೆ ಗಳಿಸಿದ ಮೂಳೆ ಮತ್ತೆ ಕರಗಿಹೋಗದಂತೆ ಆಸ್ಟಿಯೋಕ್ಲಾಸ್ಟ್‌ಗಳನ್ನು ತಡೆಯುವ ಔಷಧ ಬೇಕಾಗುತ್ತದೆ. ಅದು ಯಾವುದು, ಯಾವಾಗಿನಿಂದ ಎಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಲು ಅಮ್ಮನ ಫೈಲಿನ ಮೇಲೆ ಬರೆದಿಟ್ಟಿದ್ದೇನೆ.