ಚಿಲಕ ಯಾವ ಕಡೆ?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಅಕ್ಕಾ, ಚಿಲಕ ಯಾವ ಕಡೆ ಇಡ್ತೀರಾ?"

ನಾನು ಮನೆ ಪ್ಲಾನ್ ಹಾಕುವವಳು. ಈ ಸಲ ಸಿಕ್ಕಿದ್ದು ಮೈಸೂರಿನಲ್ಲಿ ದಾನಿಯೊಬ್ಬರು ಬಿಟ್ಟುಕೊಟ್ಟ ಹಳೇ ಮನೆ. ಹೆಣ್ಮಕ್ಕಳ ಮಾರಾಟದ ಜಾಲದಿಂದ ಪಾರಾಗಿ, ಬಾಲಮಂದಿರದಲ್ಲಿದ್ದು, 18 ತುಂಬಿದ ಹುಡುಗಿಯರು ಸ್ವಂತ ಕಾಲ ಮೇಲೆ ನಿಲ್ಲುವ ತನಕ ಇರೋಕೆ. 2015ರ ಬಾಲನ್ಯಾಯ ಕಾಯ್ದೆ 21 ವರ್ಷದವರೆಗೆ ಇಂಥ ಆಸರೆಗೆ ಅವಕಾಶ ಕೊಡುತ್ತದೆ. ಮರುವರ್ಷ ಬಂದ ಮಾದರಿ ನಿಯಮಗಳಲ್ಲಿ ಆರೆಂಟು ಜನ ಕೂಡಿ ಇರುವ ಮನೆಯ ಮಾತಿದೆ. ಹಾಗಾಗಿ ಆರು ಜನಕ್ಕೆ ಮೂರು ರೂಮು. ಬಟ್ಟೆ ಒಣಗಿಸೋ ಜಾಗವನ್ನೂ ಬಿಡದೆ ಯೋಚಿಸಿದ್ದೆ. ಯಾರೂ ಇಣುಕಬಾರದು ಅಂತ ಕಿಟಕಿಗಳನ್ನು ಮೇಲಕ್ಕೆ ಸರಿಸಿದ್ದೆ.

"ಕಾಂಪೌಂಡ್ ಎಂಟಡಿ ಆಗ್ಲಿ ಮೇಡಂ. ರೂಮುಗಳಿಗೆ ಹೊರಗಿಂದ ಬೋಲ್ಟ್ ಹಾಕ್ಸಿ," ಅಂದರು ದಾನಿ. ಕೆಟ್ಟವರಲ್ಲ. ಆದರೆ ಕೆಲವರಿಗೆ ಹೆಣ್ಮಕ್ಕಳನ್ನು ಕಾಪಾಡೋದು ಅಂದ್ರೆ ಕೂಡಿಹಾಕೋದೇ. ಸುಮ್ನೆ ಯಾಕೆ ವಾದ ಅಂತ ನಾನೂ ಬರೆದುಕೊಂಡೆ. ಅದೇ ಈಗ ಜಾಸ್ತಿ ಚುಚ್ಚುತ್ತಿದೆ.

ಆಗ ಮೂಲೆಯಲ್ಲಿದ್ದ ಹುಡುಗಿ ಎದ್ದು ಬಂದಳು. ಟೈಲರಿಂಗ್ ಕಲಿಯುತ್ತಿದ್ದಾಳೆ. ನನ್ನ ಹಾಳೆಯಲ್ಲಿ ಬಾಗಿಲಿದ್ದ ಕಡೆ ಬೆರಳಿಟ್ಟು ಆ ಮಾತು ಕೇಳಿದಳು. ಬೆರಳು ತೆಗೆದ ಮೇಲೂ ಸೀಮೆಸುಣ್ಣದ ಗುರುತು ಅಲ್ಲೇ ಉಳಿಯಿತು.

ಮನೆಗೆ ಬಂದು ನನ್ನ ರೂಮಿನ ಚಿಲಕ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಇಷ್ಟು ವರ್ಷದಲ್ಲಿ ಅದು ಯಾವ ಕಡೆ ಇದೆ ಅಂತ ಯೋಚಿಸುವ ಅಗತ್ಯವೇ ನನಗೆ ಬಿದ್ದಿರಲಿಲ್ಲ.

ಒಳಗಡೆ ಇಟ್ಟರೆ ಮುಗೀತು ಅಂತಲೂ ಅಲ್ಲ. ರಾತ್ರಿ ಯಾರಾದರೂ ಒಳಗೆ ಏನಾದರೂ ಮಾಡಿಕೊಂಡರೆ ಅಂತ ಆಪ್ತಸಮಾಲೋಚಕಿ ಫೋನಿನಲ್ಲಿ ಎಚ್ಚರಿಸಿದರು. ನಿಜ ಅಲ್ವಾ? ಒಳಗಿಂದ ಹಾಕಿಕೊಳ್ಳುವ, ತೀರಾ ತುರ್ತಾದರೆ ಹೊರಗಿಂದ ಕೀಲಿಯಲ್ಲಿ ತೆಗೆಯಬಹುದಾದ ಲಾಕ್ ಬರೆದೆ. ಆ ಕೀಲಿ ಯಾರ ಹತ್ತಿರ ಇರಬೇಕು?

ನಿನ್ನೆ ಅವಳನ್ನೇ ಕೇಳಿದೆ.

"ಅಡುಗೆಮನೇಲಿ, ಗಾಜಿನ ಡಬ್ಬಿ ಒಳಗೆ. ಯಾರಾದ್ರೂ ತಗೊಂಡ್ರೆ ಎಲ್ರಿಗೂ ಗೊತ್ತಾಗ್ಬೇಕು," ಅಂದಳು. ಆಮೇಲೆ ಹಾಳೆ ತಿರುಗಿಸಿ, "ಕಿಟಕಿ ಯಾಕಕ್ಕಾ ಇಷ್ಟು ಮೇಲೆ? ಮಿಷನ್ ಮುಂದೆ ಕೂತ್ರೆ ರಸ್ತೆ ಕಾಣಲ್ವಲ್ಲ."

ಇವತ್ತು ಕಿಟಕಿಗಳನ್ನು ಕೆಳಗಿಳಿಸುತ್ತಾ ಕೂತಿದ್ದೇನೆ. ದಾನಿಗೆ ಇನ್ನೂ ಹೇಳಿಲ್ಲ.