ಸ್ಮದರ್ಡ್ ಮೇಟ್ ಹುಡುಕೋ ಸ್ಕ್ರಿಪ್ಟ್: ಕೊನೆಗೂ ಗಂಟು ಬಿಚ್ಕೊಳ್ತು

ಚೆಸ್‌ನಲ್ಲಿ ರಾಜನ ಸುತ್ತ ಅವನದೇ ಕಾಯಿಗಳು ತುಂಬಿ ಅಲ್ಲಾಡೋಕಾಗದೇ ಇರೋವಾಗ ಕುದುರೆ ಕೊಡೋ ಮೇಟೇ ಸ್ಮದರ್ಡ್ ಮೇಟ್. ಆಟಗಳ ಸಂಗ್ರಹದಿಂದ ಅದನ್ನ ಹುಡುಕೋ ಸ್ಕ್ರಿಪ್ಟ್ ಬರೀತಾ ಮೂರು ವಾರದಿಂದ ಒಂದೇ ಕಡೆ ಸಿಕ್ಕಾಕೊಂಡಿದ್ದೆ, ನಿನ್ನೆ ರಾತ್ರಿ ದಾರಿ ಸಿಕ್ತು. ಪಿಜಿಎನ್ (ಆಟದ ನಡೆಗಳನ್ನ ಬರೆದಿಡೋ ಫೈಲ್) ಓದೋದು, ಡೂಪ್ಲಿಕೇಟ್ ತೆಗೆಯೋದು, ಪೈಥಾನ್-ಚೆಸ್ ಲೈಬ್ರರಿ ಕೂರಿಸೋದು ಇವೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಟ್ಟು ನೇರವಾಗಿ ತಲೆ ತಿಂದ ವಿಷಯಕ್ಕೇ ಬರ್ತೀನಿ.

ನಾನು ಇಟ್ಕೊಂಡಿದ್ದ ರೂಲ್ ಇಷ್ಟೇ. ಆಟದ ಕೊನೆ ಪೊಸಿಷನ್ ಚೆಕ್‌ಮೇಟ್ ಆಗಿರ್ಬೇಕು, ಚೆಕ್ ಕೊಡ್ತಿರೋದು ಕುದುರೆ ಒಂದೇ ಆಗಿರ್ಬೇಕು, ರಾಜನ ಸುತ್ತಲಿನ ಅಷ್ಟೂ ಮನೆ ಅವನದೇ ಕಾಯಿಗಳಿಂದ ತುಂಬಿರ್ಬೇಕು. ಮೂಲೆಯಲ್ಲಿದ್ರೆ ಮೂರು ಮನೆ, ಅಂಚಲ್ಲಿದ್ರೆ ಐದು, ನಡುವಲ್ಲಿದ್ರೆ ಎಂಟು. ಒಂದು ಮನೆ ಖಾಲಿ ಇದ್ದು ಅದನ್ನ ಎದುರಾಳಿಯ ಒಂಟೆ ಕಾಯ್ತಿದ್ರೂ ಸ್ಮದರ್ಡ್ ಅಂತ ಲೆಕ್ಕ ಹಾಕೋರು ಇದ್ದಾರೆ, ನಾನಂತೂ ಒಪ್ಪಲ್ಲ. ರಾಜನ ಉಸಿರು ಕಟ್ಟಿಸೋದು ಅವನ ಮನೆಯವರೇ ಆಗಿರ್ಬೇಕು, ಇದರ ಸೊಗಸೆಲ್ಲ ಇರೋದೇ ಅಲ್ಲಿ.

ಮೊದಲ ಎಡವಟ್ಟು ಬೇಗ ಸಿಕ್ತು. ಕಾರೋ-ಕಾನ್ ಅನ್ನೋ ಓಪನಿಂಗ್‌ನಲ್ಲಿ ಆರನೇ ನಡೆಗೇ ಮುಗಿಯುತ್ತಲ್ಲ, ಮಂತ್ರಿ ಇ2 (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು), ಆಮೇಲೆ ಕುದುರೆ ಡಿ6 ಮೇಟ್, ಗ್ರ್ಯಾಂಡ್‌ಮಾಸ್ಟರ್ ಕೆರೆಸ್ 1950ರಲ್ಲಿ ಅರ್ಲಮೋವ್ಸ್ಕಿ ಮೇಲೆ ಆಡಿದ್ದು, ಅದನ್ನ ನನ್ನ ಸ್ಕ್ರಿಪ್ಟ್ ಮೇಟೇ ಅಲ್ಲ ಅಂತ ಎಸೀತಿತ್ತು. ಕುದುರೆಯನ್ನ ಹೊಡೆಯೋಕೆ ಆಗುತ್ತಾ ಅಂತ ನಾನೇ ಬೇರೆ ಫಂಕ್ಷನ್ ಬರೆದಿದ್ದೆ, ಇ7 ಪಾನ್ (ಕಾಲಾಳು) ಪಿನ್ ಆಗಿದೆ, ಅಂದ್ರೆ ಸರಿದ್ರೆ ಹಿಂದಿರೋ ರಾಜನಿಗೆ ಚೆಕ್ ಬೀಳೋದ್ರಿಂದ ಅಲ್ಲಾಡೋ ಹಾಗಿಲ್ಲ ಅನ್ನೋದನ್ನ ಅದು ನೋಡ್ತಿರ್ಲಿಲ್ಲ. ಒಂದು ಮನೆ ಮೇಲೆ ಯಾವ್ಯಾವ ಕಾಯಿ ಗುರಿಯಿಟ್ಟಿವೆ ಅಂತ ಲೈಬ್ರರಿ ಕೊಡೋ ಅಟ್ಯಾಕರ್ಸ್ ಲಿಸ್ಟಲ್ಲಿ ಪಿನ್ ಆದ ಕಾಯಿಗಳೂ ಬರುತ್ತವೆ, ನೆನಪಿಟ್ಕೊಳ್ಳಿ. ಲೈಬ್ರರಿಯ ಚೆಕ್‌ಮೇಟ್ ಟೆಸ್ಟನ್ನೇ ಹಾಕಿದೆ, ಸರಿಹೋಯ್ತು. ಬುಡಾಪೆಸ್ಟ್ ಗ್ಯಾಂಬಿಟ್ ಅನ್ನೋ ಇನ್ನೊಂದು ಓಪನಿಂಗ್‌ನ ಕುದುರೆ ಡಿ3 ಮೇಟೂ ಬಂತು, ಅಲ್ಲೂ ಇ2 ಪಾನ್ ಪಿನ್ನೇ.

ಅಸಲಿ ತಲೆನೋವು ಶುರುವಾಗಿದ್ದು ಇದಾದ್ಮೇಲೆ. ರಾಶಿ ರಾಶಿ ಆಟ ಓದಿಸಿದ್ರೂ ಸಿಕ್ಕಿದ್ದೆಲ್ಲ ಓಪನಿಂಗ್ ಟ್ರ್ಯಾಪ್‌ಗಳೇ, ಅಂದ್ರೆ ಆಟದ ಶುರುವಲ್ಲೇ ಬೀಳಿಸೋ ಬಲೆಗಳು, ನಾವೆಲ್ಲ ಪ್ರೀತಿಸೋ ಆ ಮಂತ್ರಿ ತ್ಯಾಗದ್ದು, ಜಿ8ರಲ್ಲಿ ಮಂತ್ರಿಯನ್ನ ಬಲಿ ಕೊಟ್ಟು ಕುದುರೆಯಿಂದ ಮೇಟ್ ಮಾಡೋದು, ಒಂದೂ ಇಲ್ಲ. ಡೇಟಾ ಮೇಲೆ ಸಿಟ್ಟು ಬಂತು, ಬರೋ ಹಾಗೇ ಇತ್ತು ಕೂಡ. ಪುಕ್ಕಟೆ ಸಿಗೋ ಆಟಗಳ ಸಂಗ್ರಹ ಒಂದರಲ್ಲಿ ಒಂದೇ ಆಟ ನಾಲ್ಕು ಥರದ ಸ್ಪೆಲ್ಲಿಂಗಲ್ಲಿ ಇದೆ, ಕೆಲವದರಲ್ಲಿ ಕೊನೆ ನಡೆಯೇ ಇಲ್ಲ, ಇನ್ನು ಕೆಲವದರಲ್ಲಿ ಬೋರ್ಡ್ ಮೇಲೆ ಕಪ್ಪು ಮೇಟ್ ಕೊಟ್ಟಿದ್ರೂ ರಿಸಲ್ಟ್ ಬಿಳಿಗೆ. ಇಷ್ಟು ಜನ ನಂಬ್ಕೊಂಡು ಇಳಿಸ್ಕೊಳ್ಳೋ ಫೈಲನ್ನ ಹಂಚೋ ಮುಂಚೆ ಒಂದು ಸಲ ಲೀಗಲ್ ಮೂವ್ ಚೆಕ್ ಓಡಿಸೋಕೆ ಏನು ಕಷ್ಟ? ಆದ್ರೆ ಎಲ್ಲ ಕ್ಲೀನ್ ಮಾಡಿದ್ಮೇಲೂ ಆ ಮೇಟ್ ಬರ್ಲಿಲ್ಲ.

ಆಮೇಲೆ ಹೊಳೀತು. ಆಟ ಬಲ್ಲವರು ಅಲ್ಲೀವರೆಗೂ ಆಡೋದೇ ಇಲ್ಲ, ಮಂತ್ರಿ ಜಿ8ಕ್ಕೆ ಬರ್ತಾಳೆ ಅಂತ ಕಂಡ ತಕ್ಷಣ ರಿಸೈನ್ ಮಾಡಿ ಎದ್ದು ಹೋಗ್ತಾರೆ. ಮೇಟ್ ಆಗಿದ್ದು ಇಬ್ಬರ ತಲೆಯಲ್ಲಿ, ಪಿಜಿಎನ್‌ನಲ್ಲಿ ಅಲ್ಲ. ನಾನು ಇಲ್ಲದ ಕಡೆ ಹುಡುಕ್ತಿದ್ದೆ.

ಹಾಗಾದ್ರೆ ಆಟ ನಿಂತ ಜಾಗದಿಂದ ಮುಂದಕ್ಕೆ ಆಡಿಸ್ಬೇಕು. ಕುದುರೆ ಎಫ್7 ಚೆಕ್‌ನಿಂದ ಕೊನೆ ಮೇಟ್‌ವರೆಗೆ ಎರಡೂ ಕಡೆ ಸೇರಿ ಏಳು ನಡೆ, ಪ್ರತಿ ಸಲ ಸುಮಾರು ಮೂವತ್ತು ಆಯ್ಕೆ ಅಂತ ಇಟ್ಕೊಂಡ್ರೆ 2,187 ಕೋಟಿ ದಾರಿ, ಪೈಥಾನ್‌ನಲ್ಲಿ ಅದನ್ನ ಯೋಚನೆ ಮಾಡೋದೂ ಬೇಡ. ಸ್ಟಾಕ್‌ಫಿಶ್ ಅನ್ನೋ ಚೆಸ್ ಎಂಜಿನ್‌ಗೆ ಕೊಟ್ಟೆ, ಅದು ಮೇಟ್ ಇದೆ ಅನ್ನುತ್ತೆ ಆದ್ರೆ ಒಂದು ದಾರಿ ತೋರಿಸಿ ಸುಮ್ಮನಾಗುತ್ತೆ, ಅಷ್ಟೇ ಉದ್ದದ ಬೇರೆ ಮೇಟ್ ಇದ್ರೆ ಅದನ್ನೇ ಆರಿಸ್ಕೊಂಡ್ರೂ ಆಯ್ತು, ಅದಕ್ಕೇನು ಸೊಗಸಿನ ಹಂಗು. ಕೊನೆಗೆ ದಾಳಿ ಮಾಡೋ ಕಡೆಗೆ ಚೆಕ್ ಕೊಡೋ ನಡೆಗಳನ್ನ ಮಾತ್ರ ಇಟ್ಟು ಉಳಿದದ್ದೆಲ್ಲ ತೆಗೆದೆ. ಚೆಕ್ ಅಂದ್ರೆ ಉತ್ತರಗಳೂ ಒಂದೋ ಎರಡೋ, ಮರ ಪೂರ್ತಿ ಒಣಗಿ ಕಡ್ಡಿ ಆಯ್ತು, ಕಣ್ಣು ಮಿಟುಕಿಸೋದ್ರೊಳಗೆ ಉತ್ತರ.

ಇಲ್ಲಿಗೆ ಮುಗೀತು ಅಂದ್ಕೊಂಡ್ರೆ ಇಲ್ಲ, ಮೂರು ವಾರ ತಿಂದಿದ್ದು ಇನ್ಮೇಲಿಂದು. ಬಿಳಿ ಮಂತ್ರಿ ಸಿ4ರಲ್ಲಿ, ಕುದುರೆ ಜಿ5ರಲ್ಲಿ, ಕಪ್ಪು ರಾಜ ಎಚ್8ರಲ್ಲಿ. ಕುದುರೆ ಎಫ್7 ಚೆಕ್. ಕಪ್ಪಿನ ಆನೆ ಎಫ್8ರಲ್ಲಿದ್ರೆ ಸುಮ್ನೆ ಕುದುರೆಯನ್ನ ಹೊಡೀಬಹುದು, ಮಂತ್ರಿ ಆ ಆನೆಯನ್ನ ತಗೊಂಡ್ರೂ ಆಟ ಮುಂದುವರಿಯುತ್ತೆ, ಸ್ಮದರ್ಡ್ ಮೇಟ್ ಹೋಯ್ತು. ಆನೆ ಡಿ8ರಲ್ಲಿದ್ರೆ ಹೊಡೆಯೋಕಾಗಲ್ಲ, ರಾಜ ಜಿ8, ಕುದುರೆ ಎಚ್6 ಡಬಲ್ ಚೆಕ್ (ಕುದುರೆ, ಮಂತ್ರಿ ಎರಡರಿಂದಲೂ ಒಟ್ಟಿಗೇ), ಈಗ ರಾಜ ಎಫ್8ಕ್ಕೆ ಓಡಿದ್ರೆ ಮಂತ್ರಿ ಎಫ್7ರಲ್ಲಿ ಒಣ ಮೇಟ್. ಎಚ್8ಕ್ಕೆ ಹೋದ್ರೆ ಮಾತ್ರ ಮಂತ್ರಿ ಜಿ8, ಎಚ್6 ಕುದುರೆ ಕಾವಲಿರೋದ್ರಿಂದ ರಾಜ ಮುಟ್ಟೋ ಹಾಗಿಲ್ಲ, ಆನೆಯೇ ಹೊಡೀಬೇಕು, ಕುದುರೆ ಮತ್ತೆ ಎಫ್7. ಅಂದ್ರೆ ಸೋಲೋನು ಒಪ್ಪಿದ್ರೆ ತಾನೇ ಇದು ನಡೆಯೋದು! ಎಲ್ಲ ಕವಲೂ ಸ್ಮದರ್ಡ್ ಆಗಿರ್ಬೇಕು ಅಂದ್ರೆ ಸ್ಕ್ರಿಪ್ಟ್ ಬಹುಪಾಲು ಎಸೆಯುತ್ತೆ, ಒಂದು ಕವಲು ಸಾಕು ಅಂದ್ರೆ ಕಸವೆಲ್ಲ ಒಳಗೆ. ಇದರ ಮಧ್ಯೆ ಓಲಾಡ್ತಾ ಇದ್ದೆ. ಕೊನೆಗೆ ಹಿಡಿದ ದಾರಿ ಅಂದ್ರೆ, ಸೋಲೋನು ಅತಿ ಹೆಚ್ಚು ಹೊತ್ತು ತಡೆಯೋ ಕವಲನ್ನೇ ಆಡ್ತಾನೆ ಅಂತ ಇಟ್ಕೊಂಡು ಆ ಕವಲಿನ ತುದಿ ಮಾತ್ರ ನೋಡೋದು. ಎಫ್8 ಓಟ ಒಂದು ನಡೆ ಬೇಗ ಸಾಯುತ್ತೆ, ಎಚ್8 ಉದ್ದ, ಹಾಗಾಗಿ ಅದೇ ಉಳಿಯುತ್ತೆ. ಓಡಿಸಿದೆ, ಬಂತು, ಒಂದರ ಹಿಂದೆ ಒಂದು ಬಂತು.

ಈ ಪ್ಯಾಟರ್ನ್‌ಗೆ ಫ್ರಾನ್ಸಿನ ಆಟಗಾರ ಫಿಲಿಡೋರ್ ಹೆಸರು ಅಂಟಿದೆ, ಅವನು ಹುಟ್ಟಿದ್ದು 1726ರಲ್ಲಿ, ಸ್ಪೇನಿನ ಲುಸೇನಾ 1497ರಲ್ಲೇ ಸಲಮಾಂಕಾದಲ್ಲಿ ಅಚ್ಚಾದ ಪುಸ್ತಕದಲ್ಲಿ ಇದನ್ನ ಕೊಟ್ಟಾಗಿತ್ತು. ನನ್ನ ಫೋಲ್ಡರ್‌ಗೆ ಲುಸೇನಾ ಹೆಸರೇ ಇಟ್ಟಿದೀನಿ.

ಆಮೇಲೆ ಆಸೆಗೆ ಅಂತ ಆ ಕಟ್ಟುನಿಟ್ಟಿನ ಆಯ್ಕೆಯನ್ನೂ ಆನ್ ಮಾಡಿ ನೋಡಿದೆ, ಎಲ್ಲ ಕವಲೂ ಸ್ಮದರ್ಡ್ ಆಗಿರ್ಬೇಕು ಅನ್ನೋದು. ಅದರಲ್ಲಿ ಇಟಲಿಯ ಆಟಗಾರ ಗ್ರೆಕೋನ ಆಟ ಉಳ್ಕೊಂಡಿತ್ತು, 1620ರ ಆಸುಪಾಸಿನದು, ಎದುರಾಳಿಗೆ ಹೆಸರಿಲ್ಲ. ನೂರು ಸಲ ನೋಡಿದ ಆಟ, ಆದ್ರೆ ಈ ಕಣ್ಣಿಂದ ನೋಡಿರ್ಲಿಲ್ಲ. ಕಪ್ಪಿನ ಮಂತ್ರಿ ಎಚ್4ಕ್ಕೆ ಬಂದಾಗ ಬಿಳಿಯವನು ಕುದುರೆಯನ್ನ ಡಿ4ರಿಂದ ಎಫ್3ಕ್ಕೆ ತಂದು ಎಚ್2 ಕಾಯ್ತಾನೆ, ಮಂತ್ರಿ ಮೇಲೂ ಬಿದ್ದ ಹಾಗಾಯ್ತು, ಯಾರಾದ್ರೂ ಆಡೋ ನಡೆ. ಆದ್ರೆ ಅವನು ಕುದುರೆ ತೆಗೆದ ಆ ಡಿ4 ಮನೆಯಿಂದಲೇ ಸಿ5 ಒಂಟೆಗೆ ದಾರಿ ತೆರೆಯಿತು. ಮಂತ್ರಿ ಎಫ್2 ಹೊಡೆದು ಚೆಕ್, ರಾಜನಿಗೆ ಎಚ್1 ಒಂದೇ ಮನೆ. ಮಂತ್ರಿ ಜಿ1 ಚೆಕ್, ಒಂಟೆ ಕಾವಲಿದೆ, ರಾಜ ಹೊಡೆಯೋ ಹಾಗಿಲ್ಲ. ಆನೆಯಿಂದ ಹೊಡೆದ್ರೂ ಕಪ್ಪಿನ ಕುದುರೆ ಎಫ್2 ಮೇಟ್, ಕುದುರೆಯಿಂದ ಹೊಡೆದ್ರೂ ಕುದುರೆ ಎಫ್2 ಮೇಟ್. ಕಾಪಾಡೋಕೆ ಬಂದ ಕುದುರೆಯೇ ಜಿ1ರಲ್ಲಿ ಕೂತು ಬಾಗಿಲು ಮುಚ್ಚುತ್ತೆ. ಸೋಲೋನ ಒಪ್ಪಿಗೆ ಬೇಕಿಲ್ಲದ ಸ್ಮದರ್ಡ್ ಮೇಟ್! ಬೋರ್ಡ್ ಮೇಲೆ ಜೋಡಿಸಿ ಹಿಂದೆ ಮುಂದೆ ಆಡಿಸ್ತಾ ಎಷ್ಟು ಹೊತ್ತು ಕೂತಿದ್ನೋ ಗೊತ್ತಾಗ್ಲಿಲ್ಲ.

ಇದರಿಂದ ಮುಂದಿನ ಪ್ರಾಜೆಕ್ಟ್ ಆಗ್ಲೇ ತಲೆಗೆ ಹತ್ತಿದೆ. ಲುಸೇನಾ ಮೇಟ್‌ನ ಕೊನೆ ಚಿತ್ರಕ್ಕೆ ಇಡೀ ಬೋರ್ಡ್ ಬೇಕಿಲ್ಲ, ಎಚ್8 ಮೂಲೆಯ ಒಂಬತ್ತು ಮನೆ ಸಾಕು, ರಾಜ, ಆನೆ, ಎರಡು ಪಾನ್, ಎಫ್7ರ ಕುದುರೆ, ಐದೇ ಕಾಯಿ. ಮರದಲ್ಲಿ ಮಾಡಿ ಗೋಡೆಗೆ ಹಾಕೋ ಆಸೆ. ಬಿಡಿ ಕುದುರೆ ಕೇಳಿದ್ರೆ ಮಾರೋರು ಪೂರ್ತಿ ಸೆಟ್ಟೇ ತಗೊಳ್ಳಿ ಅಂತಾರೆ, ಒಬ್ಬರು ಕಳಿಸಿದ ಸೆಟ್ಟಲ್ಲಿ ಕುದುರೆಗೆ ಕಿವಿಯೂ ಇಲ್ಲ, ಅಡಿಯ ತೂಕವೂ ಕಿತ್ತು ಬಂದಿದೆ, ಸ್ಮದರ್ಡ್ ಮೇಟ್‌ನಲ್ಲಿ ಕುದುರೆಯೇ ಹೀಗಿದ್ರೆ ಹೇಗೆ ಹೇಳಿ. ನಾನೇ ಕೆತ್ತೋದು ಅಂತ ತೀರ್ಮಾನ ಮಾಡಿದೀನಿ.

ಅದಕ್ಕೆ ಮುಂಚೆ ಸ್ಕ್ರಿಪ್ಟ್‌ಗೆ ಇನ್ನೊಂದು ಫೋಲ್ಡರ್ ಬೇಕು. ಎಫ್8 ಆನೆ ಕುದುರೆಯನ್ನ ಹೊಡೆದು ತಪ್ಪಿಸ್ಕೊಳ್ಳುತ್ತಲ್ಲ, ಆ ಆಟಗಳಿಗೆ. ಮೇಟ್ ನಡೀಲಿಲ್ಲ, ಆದ್ರೆ ಅದರ ಭಯಕ್ಕೇ ಆನೆ ಕೊಟ್ಟು ಕುದುರೆ ತಗೋಬೇಕಾಯ್ತು, ಆಮೇಲೆ ಅದೇ ವ್ಯತ್ಯಾಸದಲ್ಲಿ ಸೋತ್ರು. ಇಂಥವು ಸಿಕ್ಕಿದ್ದಕ್ಕಿಂತ ಜಾಸ್ತಿ ಇರೋ ಹಾಗೆ ಕಾಣ್ತಿದೆ. ಫೋಲ್ಡರ್‌ಗೆ ಹೆಸರು ಇನ್ನೂ ಇಟ್ಟಿಲ್ಲ, ರಾತ್ರಿ ಓಡೋಕೆ ಬಿಟ್ಟಿದೀನಿ.