ಚೊಗರಿನ ಕೈ

2024 ಡಿಸೆಂಬರ್ 30, ಸೋಮವಾರ
ಎಳ್ಳಮಾವಾಸ್ಯೆ, ತೀರ್ಥಹಳ್ಳಿ

ಬೆಳಗಿನ ಜಾವ ಐದಕ್ಕೆ ಎದ್ದು ತುಂಗಾ ನದಿಯ ರಾಮತೀರ್ಥಕ್ಕೆ ಹೋಗಿ ಮುಳುಗು ಹಾಕಿ ಬಂದೆವು. ಚಳಿಗೆ ಹಲ್ಲು ಕಟಕಟ ಅಂತಿತ್ತು. ದೊಡ್ಡಮ್ಮ ಇದ್ದಿದ್ದರೆ ನಾಲ್ಕಕ್ಕೇ ಎಬ್ಬಿಸುತ್ತಿದ್ದಳು. "ತಡ ಆದ್ರೆ ಊರಿನೋರೆಲ್ಲ ಮಿಂದ ನೀರೇ ಗತಿ ಮಾರಾಯ್ತಿ" ಅನ್ನೋಳು. ಅವಳಿಲ್ಲದ ಮೊದಲ ಎಳ್ಳಮಾವಾಸ್ಯೆ ಜಾತ್ರೆ ಇದು. ಹೋಗಿದ್ದು ಕಳೆದ ಮಾರ್ಚಿನಲ್ಲಿ.

ಪರಶುರಾಮ ತಾಯಿಯನ್ನು ಕಡಿದ ಕೊಡಲಿ ಎಲ್ಲಿ ತೊಳೆದರೂ ಎಳ್ಳಷ್ಟು ರಕ್ತದ ಕಲೆ ಉಳಿದೇ ಇತ್ತಂತೆ. ಕೊನೆಗೆ ಇಲ್ಲಿ ತುಂಗೆಯಲ್ಲಿ ಅದ್ದಿದಾಗ ಹೋಯಿತಂತೆ. ಈ ಕಥೆ ಯಾರಾದರೂ ಶುರು ಮಾಡಿದರೆ ಸಾಕು, ದೊಡ್ಡಮ್ಮ ಎರಡೂ ಕೈ ಮುಂದೆ ಚಾಚುತ್ತಿದ್ದಳು. "ಕೊಡಲಿದು ಹೋಯ್ತು, ಸರಿ. ಇದು ಎಂತಕ್ಕೆ ಹೋಗಲ್ಲ ಹೇಳು?" ಅಡಿಕೆ ಚೊಗರು ಅದು, ಸುಲಿಯುವಾಗ ಕೈಗೆ ಹತ್ತೋ ಕಲೆ. ಹೆಬ್ಬೆರಳು, ತೋರುಬೆರಳು, ಉಗುರಿನ ಸಂದಿ ಎಲ್ಲ ಕಪ್ಪು. ದೀಪಾವಳಿ ಹೊತ್ತಿಗೆ ಹತ್ತಿದ್ದು ಶಿವರಾತ್ರಿ ಕಳೆದರೂ ಪೂರ್ತಿ ಬಿಡುತ್ತಿರಲಿಲ್ಲ.

ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲ. ಹಾಗಾಗಿ 1996ರಿಂದ ಮೂರು ವರ್ಷ ನಾನು ದೊಡ್ಡಮ್ಮನ ಮನೆಯಲ್ಲಿದ್ದೆ. ದೊಡ್ಡಪ್ಪ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಮೂರು ಮಕ್ಕಳು, ಜೊತೆಗೆ ನಾನು. ತೋಟ ಗೀಟ ಏನೂ ಇಲ್ಲ, ಬಾಡಿಗೆ ಮನೆ. ಅಡಿಕೆ ಗೊನೆ ಕೊಯ್ಲು ಶುರುವಾದ ಮೇಲೆ ದೊಡ್ಡಮ್ಮ ಕಂಡವರ ಮನೆಗೆ ಅಡಿಕೆ ಸುಲಿಯೋಕೆ ಹೋಗುತ್ತಿದ್ದಳು. ಬೆಳಿಗ್ಗೆ ಎಲ್ಲರಿಗೂ ರೊಟ್ಟಿ ತಟ್ಟಿಟ್ಟು ಹೋದರೆ ಮಧ್ಯಾಹ್ನ ಬಂದು ಅಡುಗೆ, ರಾತ್ರಿ ಊಟ ಆದ ಮೇಲೆ ಮತ್ತೆ. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರೋದು. ಅದರದ್ದೇ ಒಂದು ದೊಡ್ಡ ಕಥೆ ಇದೆ, ಇನ್ನೊಂದು ದಿನ ಬರೆಯುತ್ತೇನೆ.

ರಜೆಯ ರಾತ್ರಿಗಳಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರೋರು. ಮಣೆ ಮೇಲೆ ಒಂದು ಕಾಲು, ಎದುರಿಗೆ ಬಾಗಿದ ಕತ್ತಿ, ಹೆಬ್ಬೆರಳಿಗೆ ಬಟ್ಟೆ ಚಿಂದಿ. ಭದ್ರಾವತಿ ಆಕಾಶವಾಣಿ ಹಾಡುತ್ತಿರುತ್ತಿತ್ತು. ದೊಡ್ಡಮ್ಮ ಕತ್ತಿ ಕಡೆ ನೋಡುತ್ತಲೇ ಇರಲಿಲ್ಲ. ಕಾಯಿಯನ್ನು ಕತ್ತಿಗೆ ಒತ್ತಿ ತಿರುಗಿಸಿದರೆ ಮೂರೇ ಎಳೆತ, ಸಿಪ್ಪೆ ಆಚೆ, ಅಡಿಕೆ ಬುಟ್ಟಿಗೆ. ಬಾಯಲ್ಲಿ ಊರ ಸುದ್ದಿ. ಹಗಲೂ ರಾತ್ರಿ ಸೇರಿ ನಾಲ್ಕು ಡಬ್ಬ ಸುಲಿದ ದಿನ ಅವಳ ನಡಿಗೆಯೇ ಬೇರೆ.

ಕೂಲಿ ಡಬ್ಬದ ಲೆಕ್ಕಕ್ಕೆ. ಒಂದು ಮನೆಯಲ್ಲಿ ಅಳೆಯುವಾಗ ಯಜಮಾನರು ಡಬ್ಬವನ್ನು ಎತ್ತಿ ಕುಲುಕಿ ಕುಲುಕಿ ತುಂಬುತ್ತಿದ್ದರು. ಕುಲುಕಿದರೆ ಅಡಿಕೆ ಕೂರುತ್ತದೆ, ಇನ್ನೆರಡು ಬೊಗಸೆ ಹಿಡಿಯುತ್ತದೆ. ಒಂದು ರಾತ್ರಿ ದೊಡ್ಡಮ್ಮ ಎದ್ದು ನಿಂತಳು. "ಒಡೆಯರೇ, ಡಬ್ಬಕ್ಕೆ ಜಾತ್ರೆ ತೊಟ್ಟಿಲಲ್ಲಿ ತೂಗಿಸೋದಾದ್ರೆ ನಾಳೆಯಿಂದ ನೀವೇ ಸುಲೀರಿ." ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವತ್ತಿನಿಂದ ಆ ಮನೆಯಲ್ಲಿ ಡಬ್ಬ ನೆಲ ಬಿಟ್ಟು ಏಳಲಿಲ್ಲ.

ಅವಳು ಹೋದ ದಿನ ಬಂದವರೆಲ್ಲ "ಪಾಪ, ಜೀವಮಾನ ಪೂರ್ತಿ ಕಷ್ಟಪಟ್ಟಳು" ಅಂದರು. ನನಗೆ ಯಾಕೋ ಸಿಟ್ಟು ಬಂತು. ಕಷ್ಟ ಇರಲಿಲ್ಲ ಅಂತಲ್ಲ. ಆದರೆ ಪಾಪ ಅನ್ನಿಸಿಕೊಳ್ಳೋ ಹೆಂಗಸಾ ಅವಳು? ದುಡ್ಡು ಅಂದರೆ ಅವಳಿಗೆ ಇಷ್ಟ. ಅಡಿಕೆ ಸುಲಿದ ದುಡ್ಡನ್ನು ಮೆಂತ್ಯದ ಡಬ್ಬಿಯಲ್ಲಿಟ್ಟು ಆಗಾಗ ಎಣಿಸೋಳು, ನೋಟೆಲ್ಲ ಮೆಂತ್ಯದ ವಾಸನೆ. ಅದರಲ್ಲೇ ನಮ್ಮ ನಾಲ್ವರ ಫೀಸು, ದೊಡ್ಡಪ್ಪನ ಕನ್ನಡಕ. ಆದರೆ ತೇರಿನ ದಿನ ಮೊದಲು ಅವಳಿಗೆ ಬಳೆ, ಆಮೇಲೆ ನಮಗೆ ಬೆಂಡು ಬತ್ತಾಸು. ಆ ವಿಷಯದಲ್ಲಿ ರಾಜಿ ಇಲ್ಲ. ಬಾಯಿಯೂ ಜೋರು. ಮಗನಿಗೆ ತುಪ್ಪ ಒಂದು ಚಮಚ ಜಾಸ್ತಿ ಬೀಳುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಒಂಬತ್ತನೇ ಕ್ಲಾಸಲ್ಲಿ ಪೋಷಕರನ್ನು ಕರೆಸಿದ್ದರು. ನಾನು ಹಿಂದಿನ ರಾತ್ರಿ ಮೆಲ್ಲಗೆ ಅಂದೆ, "ದೊಡ್ಡಮ್ಮ, ಕೈ ಸ್ವಲ್ಪ ಸೆರಗಲ್ಲಿ ಮುಚ್ಕೊಂಡು ಬಾ." ಅವಳು ರೊಟ್ಟಿ ಕಾವಲಿಯಿಂದ ಕಣ್ಣೆತ್ತಲಿಲ್ಲ. "ಮುಚ್ಚೋಕೆ ಇದೆಂತ ಕದ್ದ ಮಾಲಾ?" ಅಷ್ಟೇ. ಮರುದಿನ ಬಂದು ಮೇಷ್ಟ್ರ ಮೇಜಿನ ಮೇಲೆ ಎರಡೂ ಕೈ ಊರಿ ನಿಂತು ಮಾತಾಡಿದಳು. ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿದಳು. ನಾನು ನೆಲ ನೋಡುತ್ತಾ ನಿಂತಿದ್ದೆ. ಇಪ್ಪತ್ತೇಳು ವರ್ಷ ಆಯಿತು, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಕ್ಷಮೆ ಕೇಳಬೇಕು ಅಂದುಕೊಂಡೇ ಉಳಿದೆ. ಕೇಳಿದ್ದರೂ "ಯಾವಾಗ? ನಂಗೆ ನೆನಪಿಲ್ಲ" ಅನ್ನುತ್ತಿದ್ದಳೇನೋ.

ಈಗ ಹೆಚ್ಚಿನ ಕಡೆ ಸುಲಿಯೋ ಮೆಷಿನ್ ಬಂದಿದೆ. ಪಕ್ಕದ ಮನೆಯಲ್ಲಿ ಮಾತ್ರ ಇನ್ನೂ ಒಂದಷ್ಟು ಕೈಯಲ್ಲೇ ಸುಲಿಯುತ್ತಾರೆ. ಸಂಜೆ ಸುಮ್ನೆ ಹೋಗಿ ಒಂದು ಮೆಟ್ಟುಗತ್ತಿ ಮುಂದೆ ಕೂತೆ. ಒಂದು ಗಂಟೆಯಲ್ಲಿ ಅರ್ಧ ಬುಟ್ಟಿಯೂ ಆಗಲಿಲ್ಲ, ಎರಡು ಕಡೆ ಬೆರಳು ಕೊಯ್ದುಕೊಂಡೆ. ಆ ಮನೆಯ ಅಕ್ಕ ನಗುತ್ತಾ ಡಬ್ಬ ತಂದರು. "ನಿಮ್ಮ ಕೂಲಿ ಅಳೀಲಾ?"

"ಅಳೀರಿ," ಅಂದೆ. "ಕುಲುಕಬೇಡಿ ಮತ್ತೆ."